ಬಿಡಿಸಲು ಬಂದ ಕೈ

ಉದ್ಯಾನದಲ್ಲಿ ನನ್ನ ಕೆಲಸ ಕೂರುವುದು. ಹೇಳಿದರೆ ಯಾರೂ ನಂಬುವುದಿಲ್ಲ, ಹಾಗಾಗಿ ನಾನು ಹೇಳಲು ಹೋಗುವುದಿಲ್ಲ. ಭಾವ ಮಾತ್ರ ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ, "ನಮ್ಮ ನಾದಿನೀದು ಭಾರೀ ಕೆಲಸ. ಬೇರೆಯವರು ಕೂತರೆ ಕೆಲಸ ಹೋಗುತ್ತೆ, ಇವಳು ಎದ್ದರೆ ಹೋಗುತ್ತೆ."

ಊರಿನ ಕೊನೆಯ ಬಸ್ ನಿಲ್ದಾಣದ ಆಚೆ ಆ ಉದ್ಯಾನ. ನೂರೈವತ್ತು ವರ್ಷಗಳ ಹಿಂದೆ ಒಬ್ಬ ಸಾಹುಕಾರ ಬೋಳು ನೆಲದಲ್ಲಿ ಮಾಡಿಸಿದ್ದು. ಕೊಳ ತೋಡಿಸಿ, ತೋಡಿದ ಮಣ್ಣಿನಲ್ಲೇ ಗುಡ್ಡ ಎಬ್ಬಿಸಿ, ಅರ್ಧ ಬೆಳೆದ ಮರಗಳನ್ನು ಗಾಡಿಗಳಲ್ಲಿ ತರಿಸಿ ನೆಡಿಸಿದನಂತೆ. ತಾನಾಗಿ ಬೆಳೆದಂತೆ ಕಾಣುವ ಮರವೂ ಅಲ್ಲಿ ದಾರ ಹಿಡಿದು ಅಳೆದು ನೆಟ್ಟದ್ದು. ದಾರಿ ನೇರವಾಗಿ ಎಲ್ಲಿಗೂ ಹೋಗುವುದಿಲ್ಲ. ಒಂದೊಂದು ತಿರುವಿಗೆ ಒಂದೊಂದು ನೋಟ ತೆರೆಯುತ್ತದೆ, ಹಿಂದಿನದು ಮುಚ್ಚಿಕೊಳ್ಳುತ್ತದೆ. ಕೊನೆಯ ತಿರುವಿನಲ್ಲಿ ಕಲ್ಲಿನ ಮೆಟ್ಟಿಲುಗಳು ಕೊಳದ ನೀರಿನೊಳಕ್ಕೇ ಇಳಿಯುತ್ತವೆ. ಅಲ್ಲಿ ನಿಂತು ತಲೆ ಎತ್ತಿದರೆ ಆಚೆ ದಡದಲ್ಲೊಂದು ಪುಟ್ಟ ಕಲ್ಲುಮನೆ, ಅದಕ್ಕೊಂದೇ ಕಿಟಕಿ, ಕಿಟಕಿಯಲ್ಲಿ ತಲೆಯ ಮೇಲಿಂದ ಬೂದು ಶಾಲು ಹೊದ್ದು ಹೊಲಿಗೆ ಹಿಡಿದು ಕೂತ ಒಬ್ಬ ಹೆಂಗಸು. ನೋಡಲು ಬಂದವರು ಅಲ್ಲಿ ಮಾತು ನಿಲ್ಲಿಸುತ್ತಾರೆ. ಗೊಂಬೆಯೋ ಮನುಷ್ಯಳೋ ಎಂದು ಪಂದ್ಯ ಕಟ್ಟುವವರೂ ಇದ್ದಾರೆ.

ಆ ಹೆಂಗಸು ನಾನು.

ಸಾಹುಕಾರ ಉದ್ಯಾನವನ್ನು ಊರಿಗೆ ಬರೆದುಕೊಟ್ಟಾಗ ದಾನಪತ್ರದಲ್ಲಿ ಎರಡು ಷರತ್ತು ಹಾಕಿದ್ದ. ಹಗಲಲ್ಲಿ ಗೇಟನ್ನು ಯಾರಿಗೂ ಮುಚ್ಚಬಾರದು. ಗೇಟು ತೆರೆದಿರುವಷ್ಟು ಹೊತ್ತು ಆ ಕಿಟಕಿಯಲ್ಲಿ ಒಬ್ಬ ಹೆಂಗಸು ಕೂತಿರಬೇಕು. ಒಂದು ಗಳಿಗೆ ಖಾಲಿಯಾದರೂ ಉದ್ಯಾನ ವಾರಸುದಾರರಿಗೆ ವಾಪಸು. ಯಾಕೆ ಹೀಗೆಂದು ಪತ್ರದಲ್ಲಿಲ್ಲ. ಉದ್ಯಾನ ತೋರಿಸುವ ಗೈಡಿನ ಹತ್ತಿರ ಇದಕ್ಕೆ ಮೂರು ಕಥೆಗಳಿವೆ. ಜೋಡಿಗಳಿಗೊಂದು, ವಯಸ್ಸಾದವರಿಗೊಂದು, ಶಾಲೆಯ ಮಕ್ಕಳಿಗೊಂದು. ಮಕ್ಕಳಿಗೆ ಹೇಳುವ ಕಥೆಯಲ್ಲಿ ಸಾಹುಕಾರನ ಮಗು ಆ ಮೆಟ್ಟಿಲಿಳಿದು ನೀರಿಗೆ ಹೋಗುತ್ತದೆ, ತಾಯಿ ಆಚೆ ದಡದ ಕಿಟಕಿಯಿಂದ ನೋಡುತ್ತಿರುತ್ತಾಳೆ. ಮಕ್ಕಳು ನೀರಿನ ಹತ್ತಿರ ಹೋಗದಿರಲಿ ಎಂದು ಕಟ್ಟಿದ ಕಥೆ ಎಂದೇ ನಾವೆಲ್ಲ ತಿಳಿದಿದ್ದೆವು.

ವಾರಸುದಾರರು ಈಗ ಹದಿನಾಲ್ಕು ಜನ. ಅವರಿಗೆ ಆ ಜಾಗದಲ್ಲಿ ಮನೆಗಳನ್ನು ಕಟ್ಟಿಸುವ ಆಸೆ. ಕಿಟಕಿ ಖಾಲಿಯಾಗುವುದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಲು ಒಬ್ಬ ಗುಮಾಸ್ತರನ್ನು ಇಟ್ಟಿದ್ದಾರೆ. ಮೆಟ್ಟಿಲ ಹತ್ತಿರದ ಬೆಂಚಿನಲ್ಲಿ ಕೊಡೆ, ನೋಟುಬುಕ್ಕು, ದುರ್ಬೀನು ಇಟ್ಟುಕೊಂಡು ದಿನವಿಡೀ ಕೂರುತ್ತಾರೆ. ಉದ್ಯಾನದವರು ಅವರನ್ನು ದುರ್ಬೀನು ಎಂದೇ ಕರೆಯುವುದು. ನನ್ನ ಹಾಗೆ ಅವರದೂ ಕೂರುವ ಕೆಲಸ. ಎರಡು ವರ್ಷ ಎದುರುಬದುರು ಕೂತಿದ್ದೇವೆ, ಒಂದು ಮಾತಾಡಿಲ್ಲ. ಗೇಟಿನಲ್ಲಿ ಎದುರಾದರೆ ನನ್ನ ಗುರುತೂ ಅವರಿಗಿಲ್ಲ. ಅವರು ನೋಡುವುದು ಶಾಲನ್ನು.

ನನಗಿಂತ ಮೊದಲು ಮೂವತ್ತೊಂದು ವರ್ಷ ಅಲ್ಲಿ ಕೂತವರು ಒಬ್ಬ ಅಜ್ಜಿ. ಹೊಲಿಗೆಗೆ ಬಟ್ಟೆ, ದಾರ ಕೊಳ್ಳಲು ಅಕ್ಕನ ದರ್ಜಿ ಅಂಗಡಿಗೆ ಬರುತ್ತಿದ್ದರು. ಅಮ್ಮ ಹಾಸಿಗೆ ಹಿಡಿದಾಗ ಏಳನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಅಮ್ಮ ಹೋದ ಮೇಲೆ ಅಕ್ಕನ ಅಂಗಡಿಯಲ್ಲೇ ಅಂಗಿಗಳಿಗೆ ಕಾಜಾ ಹೊಲಿಯುತ್ತ ಮೂಲೆಯಲ್ಲಿರುತ್ತಿದ್ದೆ. ಅಂಗಡಿಗೆ ಬಂದವರು ಕೇಳಿದ್ದಕ್ಕೆಲ್ಲ ಅಕ್ಕನೇ ಉತ್ತರ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ, ನಿನಗೆ ಮಳೆಗಾಲದಲ್ಲೂ ಕಷ್ಟ ಎಂದು ಅವಳು ರೇಗಿಸುವಳು. ಅಜ್ಜಿ ಒಂದು ದಿನ ನನ್ನನ್ನೇ ಬಹಳ ಹೊತ್ತು ನೋಡಿ, "ಇವಳು ಕೂರ್ತಾಳೆ, ನಂಗೆ ಕೊಡಿ" ಎಂದರು.

ಕೆಲಸವನ್ನು ಅವರೇ ಕಲಿಸಿದ್ದು. ಕಲಿಯಲು ಇದ್ದದ್ದು ಒಂದೇ, ಬಿಡಿಸುವುದು. ಮಧ್ಯಾಹ್ನ ಅರ್ಧ ಗಂಟೆ ಊಟಕ್ಕೆ ಮಾಲಿಯ ಹೆಂಡತಿ ಬಂದು ನನ್ನನ್ನು ಬಿಡಿಸಬೇಕು. ಕುರ್ಚಿ ಆಗಲೂ ಖಾಲಿಯಾಗಬಾರದಲ್ಲ, ಅದಕ್ಕೆ ಆ ಕುರ್ಚಿಗೆ ಕೈಗಳಿಲ್ಲ. ಒಂದೂವರೆ ಜನ ಕೂರುವಷ್ಟು ಅಗಲ. ಬಿಡಿಸಲು ಬಂದವಳು ಹಿಂದಿನಿಂದ ಬಂದು ಕೂತವಳ ಎಡ ಭುಜದ ಮೇಲೆ ಕೈ ಇಟ್ಟು, "ನಾನು ಬಂದೆ, ನೀನೇಳು" ಎನ್ನಬೇಕು. ಕೂತವಳು ತಿರುಗಿ ನೋಡಬಾರದು. ಮುಖ ಕಿಟಕಿಯಿಂದ ತಿರುಗಿದ್ದನ್ನು ದುರ್ಬೀನು ಬರೆದುಕೊಳ್ಳುತ್ತಾರೆ. ಹಾಗೇ ಬಲಕ್ಕೆ ಸರಿಯಬೇಕು. ಬಂದವಳು ಎಡದಿಂದ ಒಳಗೆ ಸರಿಯುತ್ತಾಳೆ. ಒಂದು ಉಸಿರಿನಷ್ಟು ಹೊತ್ತು ಇಬ್ಬರೂ ಅರ್ಧರ್ಧ ಕೂತಿರುತ್ತೇವೆ, ಸೊಂಟಕ್ಕೆ ಸೊಂಟ ತಾಗಿ. ಆಮೇಲೆ ಶಾಲು ಅವಳ ತಲೆಗೆ ಹೋಗುತ್ತದೆ, ನಾನು ಬಗ್ಗಿಕೊಂಡು ಕೆಳಗಿಳಿಯುತ್ತೇನೆ. ನೂರೈವತ್ತು ವರ್ಷದಿಂದ ಸರಿದು ಸರಿದು ಕುರ್ಚಿಯ ಹಲಗೆ ಎರಡೂ ಕಡೆ ನುಣುಪಾಗಿ ತಗ್ಗಾಗಿದೆ.

ಕೆಲಸ ಬಿಡುವ ದಿನ ಅಜ್ಜಿ ಬಾಗಿಲಲ್ಲಿ ನಿಂತು ಹೇಳಿದ್ದರು. "ಬಿಡಿಸೋಕೆ ಬಂದ ಕೈ ಯಾರದು ಅಂತ ನೋಡೋಕೆ ಹೋಗಬೇಡ ಮಗಳೇ. ಆದರೆ ವಾಪಸ್ ಬಂದು ಅವರನ್ನ ಬಿಡಿಸೋದು ಮಾತ್ರ ಮರೀಬೇಡ." ಮಾಲಿಯ ಹೆಂಡತಿ ಬಿಸಿಲಲ್ಲಿ ಕಾಯಬಾರದೆಂದು ಹೇಳುತ್ತಿದ್ದಾರೆ ಎಂದುಕೊಂಡೆ. ಹೂಂ ಅಂದೆ.

ಮನೆಯೊಳಗೆ ಆಗಾಗ ಸದ್ದಾಗುತ್ತಿತ್ತು. ಹಿಂದೆ ಯಾರೋ ನಿಂತು ಉಸಿರು ಬದಲಾಯಿಸಿದ ಹಾಗೆ. ಇಲಿ ಎಂದುಕೊಳ್ಳುತ್ತಿದ್ದೆ. ಇಲಿ ಅಷ್ಟು ಉದ್ದದ ಉಸಿರು ಬಿಡುವುದಿಲ್ಲ ಎಂಬುದೂ ಗೊತ್ತಿತ್ತು. ಒಬ್ಬಳೇ ಕೂತವಳಿಗೆ ಗೊತ್ತಿರುವುದನ್ನೆಲ್ಲ ಯೋಚಿಸುತ್ತ ಹೋದರೆ ದಿನ ಹೋಗುವುದಿಲ್ಲ.

ಅಕ್ಕನ ಮಗಳು ಪುಟ್ಟಿಗೆ ಐದು ತುಂಬಿತ್ತು. ಚಿಕ್ಕಿ ಕಿಟಕಿಯಲ್ಲಿ ಕೂರುವುದನ್ನು ನೋಡಬೇಕೆಂದು ತಿಂಗಳಿಂದ ಹಟ. ಹೋದ ತಿಂಗಳ ಒಂದು ಭಾನುವಾರ ಅಕ್ಕ ಅಂಗಡಿ ಮುಚ್ಚಿ ಅವಳನ್ನು ಕರೆದುಕೊಂಡು ಬಂದಳು. ಹಿಂದಿನ ರಾತ್ರಿಯೇ ಪುಟ್ಟಿಗೆ ಹೇಳಿಕೊಟ್ಟಿದ್ದೆ. ನೀನು ಕೈ ಬೀಸಿದರೂ ನಾನು ಬೀಸುವ ಹಾಗಿಲ್ಲ, ಕೋಪ ಮಾಡಿಕೊಳ್ಳಬೇಡ. ಅವಳು ಯೋಚಿಸಿ, "ಕಣ್ಣು ಮಿಟುಕಿಸು" ಎಂದಳು. ಅಷ್ಟು ದೂರದಿಂದ ಕಾಣುವುದಿಲ್ಲ ಎಂದೆ. "ಹತ್ತಿರ ಬರ್ತೀನಿ" ಎಂದಳು. ನಾನು ನಕ್ಕೆ. ಆಗ ಬೈಯಬೇಕಿತ್ತು.

ಹನ್ನೊಂದೂವರೆಯ ಹೊತ್ತಿಗೆ ಇಬ್ಬರೂ ಮೆಟ್ಟಿಲ ಮೇಲೆ ಕಾಣಿಸಿದರು. ಅಕ್ಕನ ಹಸಿರು ಸೀರೆ, ಪಕ್ಕದಲ್ಲಿ ಹಳದಿ ಫ್ರಾಕು. ಫ್ರಾಕು ನಾನೇ ಹೊಲಿದದ್ದು. ಕೊಳದ ಅಗಲಕ್ಕೆ ಮುಖ ಕಾಣುವುದಿಲ್ಲ, ಬಣ್ಣಗಳು ಕಾಣುತ್ತವೆ. ಹಳದಿ ಕುಣಿಯಿತು, ಕೈ ಬೀಸಿತು. ನಾನು ತಲೆ ತಗ್ಗಿಸಿ ಕಣ್ಣಷ್ಟೇ ಎತ್ತಿ ನೋಡುತ್ತಿದ್ದೆ.

ಆಮೇಲೆ ನಡೆದದ್ದನ್ನು ಅಕ್ಕನೇ ಹೇಳಿದ್ದು. ಬೆಂಚಿನ ಮೇಲಿನ ದುರ್ಬೀನು ನನ್ನ ಕಡೆಗೆ ಕಣ್ಣು ನೆಟ್ಟಿದ್ದನ್ನು ಅವಳು ನೋಡಿದಳಂತೆ. ನಮ್ಮಕ್ಕ ಬಿಡುವವಳಲ್ಲ. ಮನೇಲಿ ಅಕ್ಕತಂಗಿಯರಿಲ್ವಾ, ಹೆಣ್ಣುಮಕ್ಕಳನ್ನ ಹಾಡಹಗಲೇ ಹೀಗೆ ನೋಡ್ತೀರಲ್ಲ ಎಂದು ಜಾಡಿಸಿದಳು. ಅವರು ದುರ್ಬೀನು ಇಳಿಸದೆ, ನೋಡೋದೇ ನನ್ನ ಕೆಲಸ ತಾಯೀ, ಬೇಕಾದರೆ ನೇಮಕದ ಕಾಗದ ತೋರಿಸ್ತೀನಿ ಎಂದರು. ತೋರಿಸಿ ಎಂದಳು ಅಕ್ಕ. ಅವರು ಕಾಗದಕ್ಕಾಗಿ ಚೀಲ ತಡಕಿದರು.

ನನಗೆ ಕಂಡದ್ದು ಇಷ್ಟೇ: ಹಸಿರು ಬೆಂಚಿನ ಕಡೆಗೆ ಹೋಯಿತು. ಹಳದಿ ಮೆಟ್ಟಿಲಿಳಿಯತೊಡಗಿತು.

ಮೆಟ್ಟಿಲು ಒಂಬತ್ತು. ಐದು ಒಣಗಿರುತ್ತವೆ. ಆರನೆಯದರಿಂದ ಪಾಚಿ, ಹಸಿರು ಬೆಣ್ಣೆಯ ಹಾಗೆ. ಏಳನೆಯದರಿಂದ ಮುಂದಿನವು ನೀರಿನೊಳಗೆ. ಒಂಬತ್ತರ ಕೆಳಗೆ ಎಷ್ಟು ಆಳವೋ, ಮಾಲಿಯ ಬಿದಿರು ಕೋಲಿಗೂ ತಳ ಸಿಕ್ಕಿದ್ದಿಲ್ಲ. ಪುಟ್ಟಿ ಒಂದೊಂದೇ ಮೆಟ್ಟಿಲಿಗೆ ಎರಡೂ ಪಾದ ಇಟ್ಟು ಇಳಿಯುತ್ತಿದ್ದಳು, ನನ್ನ ಕಣ್ಣು ಮಿಟುಕುವುದನ್ನು ನೋಡಲು ಹತ್ತಿರ ಬರುತ್ತಿದ್ದಳು. ಒಂದು. ಎರಡು.

ಕೂಗಿದರೆ ಕೇಳಿಸದು. ಕೇಳಿಸುವಂತೆ ಎಂದೂ ಕೂಗಿದವಳೂ ಅಲ್ಲ ನಾನು. ಕೈ ಎತ್ತಿ ತಡೆಯಬಹುದಿತ್ತು ಎಂದು ಈಗ ನೀವು ಹೇಳುತ್ತೀರಿ. ಎರಡು ವರ್ಷ ಎತ್ತದ ಕೈ ಆ ಕ್ಷಣಕ್ಕೆ ನನ್ನದು ಎಂದೇ ನೆನಪಾಗಲಿಲ್ಲ. ಎದ್ದರೆ ಉದ್ಯಾನ ಹೋಗುತ್ತದೆ, ಮಾಲಿಯ ಮನೆ ಹೋಗುತ್ತದೆ, ಗೈಡು, ಗೇಟಿನವರು, ಎಲ್ಲರ ಅನ್ನ ಹೋಗುತ್ತದೆ. ಏಳದಿದ್ದರೆ ಪುಟ್ಟಿ. ಇದರಲ್ಲಿ ತೂಗಿ ನೋಡಲು ಏನಿದೆ? ಏಳುವುದೇ ಎಂದುಕೊಂಡೆ. ಆದರೂ ಮೈ ಕುರ್ಚಿಗೆ ಅಂಟಿತ್ತು.

ಆಗ ಎಡ ಭುಜದ ಮೇಲೆ ಕೈ ಬಿತ್ತು.

ಮಾಲಿಯ ಹೆಂಡತಿ ಬೇಗ ಬಂದರು, ದೇವರೇ ಕಳಿಸಿದ ಎಂದುಕೊಂಡೆ. ತಿರುಗಿ ನೋಡಲಿಲ್ಲ. ರೂಢಿಯಂತೆ ಬಲಕ್ಕೆ ಸರಿದೆ. ಪಕ್ಕದಲ್ಲಿ ಸೊಂಟ ತಾಗಿತು, ತಲೆಯ ಮೇಲಿಂದ ಶಾಲು ಸರಿದುಹೋಯಿತು, ಬಗ್ಗಿಕೊಂಡು ಇಳಿದು ಓಡಿದೆ. "ನಾನು ಬಂದೆ, ನೀನೇಳು" ಎಂದು ಯಾರೂ ಹೇಳಿರಲಿಲ್ಲ ಎನ್ನುವುದು ಹೊಳೆದದ್ದು ಬಾಗಿಲು ದಾಟಿದ ಮೇಲೆ.

ಕಲ್ಲುಮನೆಯಿಂದ ಮೆಟ್ಟಿಲಿಗೆ ನೇರ ದಾರಿಯಿಲ್ಲ. ನೋಡುವವರಿಗೆ ಕಾಣಬಾರದೆಂದು ಬೇಲಿಯ ಹಿಂದೆ ಹಿಂದೆಯೇ ಸುತ್ತಿಸಿದ್ದಾರೆ. ನಡೆದರೆ ಹತ್ತು ನಿಮಿಷ. ಕೊಳದ ಬಾಲದಲ್ಲಿ ಒಂದು ಮರದ ಸೇತುವೆ. ಅದರ ಆಚೆ ತುದಿಯಿಂದ ಒಬ್ಬರು ಊಟದ ಡಬ್ಬಿ ಹಿಡಿದು ನಿಧಾನವಾಗಿ ಬರುತ್ತಿದ್ದರು. ಮಾಲಿಯ ಹೆಂಡತಿ.

ನನ್ನನ್ನು ನೋಡಿ ನಡಿಗೆ ನಿಲ್ಲಿಸಿದರು. "ಯಾರು ಕೂತಿದಾರೆ?" ಎಂದರು.

"ನೀವಲ್ವಾ ಅತ್ತಿಗೆ?" ಎಂದೆ.

ಡಬ್ಬಿಯ ಮುಚ್ಚಳ ಟಕಟಕ ಎನ್ನತೊಡಗಿತು. ಅದನ್ನು ನೋಡುತ್ತ ನಿಲ್ಲುವ ಹೊತ್ತಲ್ಲ. ಅವರನ್ನು ದಾಟಿ ಓಡಿದೆ. ಬೇಲಿಯ ಸಂದುಗಳಲ್ಲಿ ಕೊಳ ಕಾಣುತ್ತಿತ್ತು, ಮೆಟ್ಟಿಲು ಕಾಣುತ್ತಿರಲಿಲ್ಲ. ನೀರು ಒಡೆದ ಸದ್ದಿಗಾಗಿ ಕಿವಿ ಕಾಯುತ್ತಿತ್ತು. ಸಾಹುಕಾರನ ತಿರುವುಗಳೆಲ್ಲ ಅವತ್ತು ನನ್ನ ಮೇಲೆ ಹಗೆ ಸಾಧಿಸಿದವು. ಒಂದು ಮುಗಿದರೆ ಇನ್ನೊಂದು.

ಕೊನೆಯ ತಿರುವು ತಿರುಗಿದೆ. ಪುಟ್ಟಿ ಐದನೆಯ ಮೆಟ್ಟಿಲ ಮೇಲೆ ನಿಂತಿದ್ದಳು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಪಾದಗಳನ್ನು ಜೋಡಿಸಿ, ಶಾಲೆಯಲ್ಲಿ ನಿಲ್ಲಿಸಿದ ಹಾಗೆ. ಮುಖ ಕಿಟಕಿಯ ಕಡೆಗಿತ್ತು. ನಾನು ಹಿಂದಿನಿಂದ ಬಂದು ಅವಳ ರಟ್ಟೆ ಹಿಡಿದೆ. ಅವಳು ತಿರುಗದೆಯೇ ಹೇಳಿದಳು, "ಚಿಕ್ಕಿ ಕೈ ತೋರಿಸಿದಳು. ನಿಲ್ಲು ಅಂತ. ಅದಕ್ಕೇ ನಿಂತೆ."

ಆಮೇಲೆ ಹಿಡಿದ ಕೈ ಯಾರದೆಂದು ನೋಡಿದಳು. ನನ್ನನ್ನು ನೋಡಿ, ಕಿಟಕಿಯನ್ನು ನೋಡಿ, ಮತ್ತೆ ನನ್ನನ್ನು ನೋಡಿದಳು.

"ಹಂಗಾದ್ರೆ ಅದು ಯಾರು?"

ಎರಡು ವರ್ಷದಲ್ಲಿ ನಾನು ಆ ದಡದಿಂದ ಕಿಟಕಿಯನ್ನು ನೋಡಿರಲಿಲ್ಲ. ಬೆಳಿಗ್ಗೆ ಗೇಟು ತೆರೆಯುವ ಮುಂಚೆ ಹೋಗಿ, ಸಂಜೆ ಮುಚ್ಚಿದ ಮೇಲೆ ಬರುವವಳು ನಾನು. ಈಗ ನೋಡಿದೆ. ಬೂದು ಶಾಲು, ತಗ್ಗಿಸಿದ ತಲೆ, ಮಡಿಲಲ್ಲಿ ಬಿಳಿಯ ಹೊಲಿಗೆ. ಒಳ್ಳೆಯ ಕೂರುವಿಕೆ, ನನಗಿಂತ ಚೆನ್ನಾಗಿತ್ತು. ನಾನು ಕೂತರೆ ಉಸಿರಿಗೆ ಶಾಲಿನ ಅಂಚು ಅಲುಗುತ್ತದೆ.

"ನನ್ನ ಜೊತೆ ಕೆಲಸ ಮಾಡೋರು," ಎಂದೆ.

ಅಕ್ಕ ಆಗಷ್ಟೇ ತಿರುಗಿ ನಮ್ಮನ್ನು ಕಂಡಳು. ಮಗಳು ಎಲ್ಲಿ ನಿಂತಿದ್ದಾಳೆಂದು ನೋಡಿ ಓಡಿಬಂದು ಎತ್ತಿಕೊಂಡಳು, ಬೆನ್ನಿಗೊಂದು ಕೊಟ್ಟಳು, ತಾನೇ ಅತ್ತಳು. ಅವಳ ಹಿಂದೆಯೇ ದುರ್ಬೀನು ನೋಟುಬುಕ್ಕು ಹಿಡಿದು ಬಂದರು. ಮಗುವನ್ನು ನೋಡಿಕೊಳ್ಳಿ ತಾಯೀ, ನನ್ನನ್ನಲ್ಲ ಎಂದು ಚುಚ್ಚಿ, ಬರೆದುಕೊಂಡದ್ದನ್ನು ಓದಿದರು. "ಹನ್ನೊಂದು ಮೂವತ್ತೆಂಟಕ್ಕೆ ಕಿಟಕಿಯವಳು ಬಲಗೈ ಎತ್ತಿದಾಳೆ. ಎತ್ತೋ ಹಾಗಿಲ್ಲ. ಇವತ್ತೇ ದೂರು ಕೊಡ್ತೀನಿ." ಅಕ್ಕ ನನ್ನ ಕಡೆ ಕೈ ಮಾಡಿ, "ಕಿಟಕಿಯವಳು ಇಲ್ಲೇ" ಎಂದು ಶುರು ಮಾಡಿದ್ದಳು. ಅವಳ ಮಣಿಕಟ್ಟನ್ನು ಉಗುರು ಇಳಿಯುವಷ್ಟು ಅದುಮಿದೆ. ಅಕ್ಕ ಬಾಯಿ ಮುಚ್ಚಿದಳು. ನಾನು ಅವಳ ಬಾಯಿ ಮುಚ್ಚಿಸಿದ್ದು ಅದೇ ಮೊದಲು. ದುರ್ಬೀನು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಶಾಲಿಲ್ಲದ ನಾನು ಅವರಿಗೆ ಯಾರೂ ಅಲ್ಲ. ಬೆಂಚಿಗೆ ಹಿಂತಿರುಗಿದರು.

ಇಬ್ಬರನ್ನೂ ಗೇಟಿನ ತನಕ ಬಿಟ್ಟೆ. ಮನೆಗೆ ಬಾ, ಈ ದರಿದ್ರ ಕೆಲಸ ಸಾಕು ಎಂದು ಅಕ್ಕ ಕೈ ಎಳೆದಳು. ಮೊದಲು ಅವರನ್ನ ಬಿಡಿಸಬೇಕು ಎಂದೆ. ಅವಳು ಕೈ ಬಿಟ್ಟಳು.

ಸೇತುವೆಯ ಮೇಲೆ ಮಾಲಿಯ ಹೆಂಡತಿ ಡಬ್ಬಿ ಹಿಡಿದು ನಿಂತಲ್ಲೇ ನಿಂತಿದ್ದರು. ನಾನು ಮಕ್ಕಳೊಂದಿಗಳು, ಒಳಗೆ ಕಾಲಿಡಲ್ಲ ಎಂದರು. ಹಾಗೇ ಕೂತಿರಲಿ ಬಿಡು, ಕಿಟಕಿ ತುಂಬಿದೆಯಲ್ಲ, ನಮಗೇನು ಎಂದೂ ಹೇಳಿದರು. ಆ ಮಾತು ಸರಿಯೇ. ನಾನು ಹೋಗದಿದ್ದರೂ ಉದ್ಯಾನಕ್ಕೆ ನಷ್ಟವಿರಲಿಲ್ಲ. ಆದರೆ ಅಜ್ಜಿಗೆ ಹೂಂ ಅಂದಿದ್ದೆ. ಅದಲ್ಲದೆ ಪುಟ್ಟಿ ನಿಂತ ಮೆಟ್ಟಿಲು ಕಣ್ಣ ಮುಂದೆಯೇ ಇತ್ತು.

ಬಾಗಿಲು ನಾನು ಬಿಟ್ಟು ಓಡಿದಷ್ಟೇ ತೆರೆದಿತ್ತು. ಒಳಗೆ ತಂಪು. ಕಿಟಕಿಯ ಬೆಳಕಿಗೆ ಎದುರಾಗಿ ಕುರ್ಚಿಯ ಮೇಲೊಂದು ಬೆನ್ನು. ನಾನು ಕೂತಿದ್ದ ಜಾಗದಲ್ಲಿ ನಾನು ಕೂತಿದ್ದ ಹಾಗೆಯೇ ಕೂತಿತ್ತು, ಆದರೆ ಹಲಗೆ ಕಿರುಗುಟ್ಟುತ್ತಿರಲಿಲ್ಲ. ಓಡಿಹೋಗಲು ನನಗೂ ಕಾಲುಗಳಿದ್ದವು. ಆರು ಹೆಜ್ಜೆ ನಡೆದು ಎಡ ಭುಜದ ಮೇಲೆ ಕೈ ಇಟ್ಟೆ. ಶಾಲಿನ ಕೆಳಗೆ ಸಣ್ಣ ಮೂಳೆ, ನೆರಳಿನ ಕಲ್ಲಿನಷ್ಟು ತಣ್ಣಗೆ.

"ನಾನು ಬಂದೆ, ನೀನೇಳು," ಎಂದೆ. ನನ್ನ ದನಿ ನನಗೇ ಕೇಳಿಸಿತು.

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅವಳು ಬಲಕ್ಕೆ ಸರಿದಳು. ನಾನು ಎಡದಿಂದ ಕೂತೆ. ಸೊಂಟಕ್ಕೆ ಸೊಂಟ ತಾಗಿತು. ಒಂದು ಉಸಿರಿನಷ್ಟು ಹೊತ್ತು ಇಬ್ಬರೂ ಎದುರಿನ ಮೆಟ್ಟಿಲನ್ನೇ ನೋಡುತ್ತಿದ್ದೆವು. ಶಾಲು ನನ್ನ ತಲೆಯ ಮೇಲೆ ಬಂತು, ಪಕ್ಕ ಹಗುರಾಯಿತು. ತಿರುಗಿ ನೋಡಲಿಲ್ಲ. ಮಡಿಲಿನ ಬಟ್ಟೆಯಲ್ಲಿ ನಾನು ಬಿಟ್ಟ ಕಡೆಯಿಂದ ಮುಂದಕ್ಕೆ ಹನ್ನೆರಡು ಹೊಲಿಗೆ ಬಿದ್ದಿತ್ತು, ಅಕ್ಕನ ಯಂತ್ರವೂ ಹಾಕದಷ್ಟು ಸಣ್ಣದು.

ಮಾರನೆಯ ದಿನ ಗೇಟು ತೆರೆಯುವ ಮುಂಚೆಯೇ ಉದ್ಯಾನದ ಸಾಹೇಬರು ನನ್ನನ್ನು ಆಫೀಸಿಗೆ ಕರೆಸಿದರು. ದೂರಿಗೆ ಉತ್ತರ ಬರೆದು ಸಹಿ ಹಾಕಬೇಕಿತ್ತು: ಕೈ ಎತ್ತಿದ್ದು ಯಾರು, ಯಾಕೆ. ಅವರು ಬೈಯಲು ಮನಸ್ಸಿಲ್ಲದವರ ಹಾಗೆ ಪೆನ್ನು ಮುಂದಿಟ್ಟು ಗೋಡೆಯ ನಕ್ಷೆ ನೋಡುತ್ತ ಕೂತರು. ನಾನು ಅಲ್ಲಿರಲಿಲ್ಲ ಎಂದು ಬರೆದರೆ ಹದಿನಾಲ್ಕು ವಾರಸುದಾರರಿಗೆ ಅಷ್ಟೇ ಸಾಕು. "ನಾನೇ. ಮಗು ನೀರಿಗೆ ಇಳಿಯುತ್ತಿತ್ತು" ಎಂದು ಬರೆದೆ. ಸುಳ್ಳಿನ ಕೆಳಗೆ ಸಹಿ ಹಾಕಿದೆ. ಅವಳ ಪರವಾಗಿ ಹಾಕಿದ ಹಾಗಿತ್ತು. ಎಚ್ಚರಿಕೆ ಕೊಟ್ಟು ಬಿಟ್ಟರು. ಮೆಟ್ಟಿಲಿಗೆ ಅಡ್ಡ ಸರಪಳಿ ಹಾಕಿಸಿದರು.

ಅಂದು ಸಂಜೆ ಗೇಟು ಮುಚ್ಚುವ ಗಂಟೆ ಹೊಡೆಯಿತು. ಎರಡು ವರ್ಷದಿಂದ ಗಂಟೆ ಕೇಳಿದ ಕೂಡಲೇ ಎದ್ದು ಶಾಲು ಮಡಚಿ ಹೋಗುತ್ತಿದ್ದವಳು ನಾನು. ಏಳಲು ಹೋದಾಗ ಭುಜದ ಮೇಲೆ ಕೈ ಬಿತ್ತು. ಸರಿದೆ, ಇಳಿದೆ, ಬಾಗಿಲು ಎಳೆದುಕೊಂಡು ಮನೆಗೆ ಬಂದೆ. ಬೆಳಿಗ್ಗೆ ಹೋಗಿ ಅವಳನ್ನು ಬಿಡಿಸಿದೆ. ಹೊಲಿಗೆ ಒಂದು ಗೇಣು ಮುಂದಕ್ಕೆ ಹೋಗಿತ್ತು. ಆವತ್ತಿನಿಂದ ಹೀಗೇ ನಡೆದಿದೆ, ಹಗಲು ನನ್ನದು, ಉಳಿದದ್ದು ಅವಳದು. ಮನೆಯಲ್ಲಿ ಹೇಳಿಲ್ಲ. ಅಕ್ಕ ಆ ಮಾತೇ ಎತ್ತುವುದಿಲ್ಲ. ಪುಟ್ಟಿ ಮಾತ್ರ ರಾತ್ರಿ ಮಲಗುವಾಗ ಕೇಳುತ್ತಾಳೆ, "ಇವತ್ತು ಅವರು ಬಂದಿದ್ರಾ?" ಬಂದಿದ್ರು ಎನ್ನುತ್ತೇನೆ.

ನಿನ್ನೆ ಗಂಟೆ ಹೊಡೆದ ಮೇಲೆ ಕೈ ಬರಲಿಲ್ಲ. ಕಾದೆ. ಗೇಟಿನವರ ಬೀಗದ ಸದ್ದು ಕೇಳಿಸಿತು. ದುರ್ಬೀನು ಕೊಡೆ ಮಡಚಿ ಹೋದರು. ಕೊಳದ ಮೇಲಿನ ಬೆಳಕು ಮೆಟ್ಟಿಲಿನ ಕಡೆಯಿಂದ ಕಡಿಮೆಯಾಗುತ್ತ ಬಂತು. ಈಗ ಕಿಟಕಿ ಖಾಲಿಯಾದರೆ ಕೇಳುವವರಿಲ್ಲ, ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ನಾನು ಓಡಿದ ದಿನ ಅವಳು ನನ್ನ ಜಾಗದಲ್ಲಿ ಕೂತವಳು. ಅವಳಿಗೂ ಎಲ್ಲಿಗೋ ಓಡಬೇಕಾಗಿ ಬಂದಿರಬಹುದು. ಆಚೆ ದಡದಲ್ಲಿ ಸರಪಳಿ ಒಮ್ಮೆ ಅಲುಗಿ ನಿಂತಿತು. ಗಾಳಿ ಇರಲಿಲ್ಲ.

ಎದುರಿನ ಮರಗಳು ಒಂದರೊಳಗೊಂದು ಸೇರಿಹೋಗುವಾಗ ಕೈ ಬಂತು. ಶಾಲಿನ ಮೂಲಕ ನನ್ನ ರವಿಕೆಯವರೆಗೆ ನೀರು ಇಳಿಯಿತು. ಮೊಣಕೈವರೆಗೆ ಒದ್ದೆಯಾದ ಕೈ.

ಮಗು ಸಿಕ್ಕಿತಾ ಎಂದು ಕೇಳಬೇಕೆನಿಸಿತು. ಭುಜ ಹಗುರ ಮಾಡಿಕೊಂಡು, ಅವಳಿಗೆ ಜಾಗ ಸಾಲುವಂತೆ ಬಲಕ್ಕೆ ಸರಿದೆ.